ಅನ್ಸೆಲ್ಮೊ ಕರೆಯುವ ತನಕ

ಹಲೋ... ಹಲೋ, ಯಾರು ಮಾತಾಡ್ತಿರೋದು? ಹಾಂ, ಪುರಸಭೆ ಪ್ರವಾಹ ಆಫೀಸೇ. ನಾನು ದೋರಾಯ್.

...

ಓ, ಮನಾಂಗ್ ಬಸಿಲಿಸಾ, ಅಕ್ಕಾ, ನೀವಾ! ಇನ್ನೂ ಹೊಳೆ ದಂಡೇಲೇ ಇದ್ದೀರಾ? ಪಕ್ಕದವರೆಲ್ಲ ಆಗ್ಲೇ ಗುಡ್ಡದ ಚರ್ಚಿಗೆ ಹತ್ತಿದ್ರಲ್ಲ, ಹಂದಿ ಸಮೇತ. ಆ ಹಂದಿಗಿರೋ ಬುದ್ಧಿ ನಿಮಗಿಲ್ವಾ?

...

ಏನು? ಅವರು ಕರೀಲಿಲ್ಲ ಅಂತ ಕೂತಿದ್ದೀರಾ? ಮನಾಂಗ್, ನಿಮ್ಮ ಯಜಮಾನ್ರು, ನಮ್ಮ ಮನೋಂಗ್ ಅನ್ಸೆಲ್ಮೊ ಅಣ್ಣ, ಹೊಳೇಲಿ ತೀರಿಕೊಂಡು ವರ್ಷ ಆಯ್ತು. ಪ್ರವಾಹ ಬಂದಾಗ ಗುಡ್ಡದ ಧ್ವನಿವರ್ಧಕದಲ್ಲಿ ತಾನಾಗೇ ಬರೋದು ಅವರು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ ಅಲ್ವಾ?

...

ಗೊತ್ತು, ಗೊತ್ತು. 'ಬನ್ನಿ, ಹೋಗೋಣ' ಅಂತ ಆ ದನಿ ಬಂದ್ರೇನೇ ಏಳೋದು. ಇರಿ, ನೋಡ್ತೀನಿ. ಇಲ್ಲಿ ಕಂಪ್ಯೂಟರ್ ಪರದೆ ಮೇಲೆ ಅಪಾಯ ಇಲ್ಲ ಅಂತಿದೆ...

...

ಕಪ್ಪೆಗಳು ಸುಮ್ಮನಾದ್ವಾ? ನೀರು ಮೆಟ್ಟಿಲಿಗೆ ಬಂತಾ? ಅಯ್ಯೋ. ತಡೀರಿ, ಮೇಲಿನ ಆಫೀಸಿಂದ ಬಂದ ಕಡತಾನೇ ತೆಗೀತೀನಿ... ದೇವರೇ. ಇದರಲ್ಲಿ 'ಅತಿ ತೀವ್ರ' ಅಂತಿದೆ ಮನಾಂಗ್! ಏಳಿ, ಮೊದಲು ಏಳಿ!

...

ಧ್ವನಿವರ್ಧಕ ಯಾಕೆ ಕೂಗಲಿಲ್ಲ ಅಂದ್ರೆ... ಮನೋಂಗ್ ಅನ್ಸೆಲ್ಮೊ ಬರೆದ ಶೆಲ್ ಸ್ಕ್ರಿಪ್ಟ್, ಅಂದ್ರೆ ಕಡತ ಓದಿ ದನಿ ಹಾಕೋ ಪುಟ್ಟ ಪ್ರೋಗ್ರಾಂ, ಹಳೇದು. ಬರೋ ಎಕ್ಸ್‌ಎಮ್‌ಎಲ್ ಕಡತಕ್ಕೆ ಈಗ ನೇಮ್‌ಸ್ಪೇಸ್ ಹಾಕಿದ್ದಾರೆ. ಅಂದ್ರೆ ಒಳಗಿನ ಪ್ರತಿ ಹೆಸರಿಗೂ ಒಂದು ಮನೆತನ ಕೊಟ್ಟಿದ್ದಾರೆ. ಈ ಸ್ಕ್ರಿಪ್ಟ್ ಮನೆತನ ಬಿಟ್ಟು ಬರೀ ಹೆಸರು ಹಿಡಿದು 'ತೀವ್ರತೆ ಎಷ್ಟು' ಅಂತ ಕೇಳುತ್ತೆ, ಒಳಗಿಂದ ಯಾರೂ ಓ ಅನ್ನಲ್ಲ. ಉತ್ತರ ಇಲ್ಲ ಅಂದ್ರೆ ಅಪಾಯ ಇಲ್ಲ ಅಂದ್ಕೊಳ್ಳುತ್ತೆ, ಮುಂಡೇದು.

...

ಆ ದನೀನ ಕೈಯಿಂದ ಹಾಕೋಕೆ ದಾರೀನೇ ಇಟ್ಟಿಲ್ಲ ನಿಮ್ಮ ಮಹಾನುಭಾವರು. ಒಂದು ಸಾಲು ತಿದ್ದಬೇಕು. ಇಂಥ ಮನೆತನ ಅಂತ ಮೊದಲು ಹೇಳಿ, ಆಮೇಲೆ ಹೆಸರು ಕೇಳೋದು. ತಿದ್ದುತಾ ಇದ್ದೀನಿ, ನೀವು ಚಪ್ಪಲಿ ಮೆಟ್ಟಿಕೊಳ್ಳಿ.

...

ಹಾಂ? ಅವತ್ತು ಹೊಳೆಯಿಂದ ಅನ್ಸೆಲ್ಮೊ ಅಣ್ಣನ ಹೆಣ ಎತ್ತಿ ತರುವಾಗ ಯಾರೂ ಕರೀಲಿಲ್ವಾ? ನಮ್ಮಲ್ಲಿ ಮಗು ಜಾರಿ ಬಿದ್ರೂ ಆ ಜಾಗ ಬಿಡುವಾಗ ಹೆಸರು ಹಿಡಿದು 'ಬಾ, ಇಲ್ಲೇ ಉಳೀಬೇಡ' ಅಂತ ಜೀವಾನ ಕರ್ಕೊಂಡು ಬರ್ತೀವಿ... ಅವರನ್ನ ಒಬ್ಬರೂ ಕರೀಲಿಲ್ಲ ಅಂತೀರಾ? ಅವರ ಜೀವಾನ ಹೊಳೇಲೇ ಬಿಟ್ಟು ಬಂದ್ರಾ? ಈ ಮಾತು ಈಗ ಬೇಡ ಮನಾಂಗ್.

...

ಏನಂದ್ರಿ? ದನಿ ಬಂತಾ?

...

'ಬನ್ನಿ' ಅಲ್ಲ, 'ಬಾ, ಹೋಗೋಣ' ಅಂತಾನಾ? ಅವರದ್ದೇ ದನಿಯಾ?... ಮನಾಂಗ್, ನಾನಿನ್ನೂ ಸ್ಕ್ರಿಪ್ಟ್ ಓಡಿಸಿಲ್ಲ.

...

ಯಾವ ಕಡೆಯಿಂದ? ಸರಿಯಾಗಿ ಹೇಳಿ, ಗುಡ್ಡದಿಂದಾನಾ?... ಹೊಳೆಯಿಂದಾನಾ? ಬೇಡ, ಹೊಳೆ ಕಡೆ ಬಾಗಿಲು ತೆಗೀಬೇಡಿ! ಒಂದು ಕ್ಷಣ, ಮುಗೀತು... ಆಯ್ತು, ಸ್ಕ್ರಿಪ್ಟ್ ಓಡ್ತು! ಕೇಳಿಸ್ತಾ? ಚರ್ಚಿನ ಕಡೆಯಿಂದ ಬರ್ತಿದೆ ನೋಡಿ. ಇದು ನಮ್ಮದು, ಇದರ ಕಡೆ ಬನ್ನಿ!

...

ಎರಡೂ ಕೇಳಿಸ್ತಿದೆಯಾ?... ಮನಾಂಗ್, ಅಳಬೇಡಿ. ಗುಡ್ಡದ ಕಡೆ ಮುಖ ಮಾಡಿ. ಕಾಲಿಗೆ ನೀರು ತಾಗ್ತಿದೆ ಅಂದ್ರೆ... ಯಾವ ಕಡೆ ಹೊರಟ್ರಿ? ಬಸಿಲಿಸಾ ಮನಾಂಗ್, ಬನ್ನಿ, ಅಲ್ಲೇ ಉಳೀಬೇಡಿ! ಯಾವ ಕಡೆ...

ಹಲೋ?

ಹಲೋ...