ಸೌದೆ ಕೊಟ್ಟಿಗೆಯ ಉತ್ತರಪತ್ರಿಕೆ

ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನೀಲಾವತಿಯ ಕಿವಿಗೆ, ಬೇಡವೆಂದರೂ, ಅದೇ ಬೆಂಚಿನಲ್ಲಿದ್ದ ಕಾಲೇಜಿನ ಮಾಸ್ಟ್ರು ಮತ್ತು ಕೊಕ್ಕಡದ ಡೊಂಬಯ್ಯನ ಮಾತು ಬಿತ್ತು.

“ಯೂನಿವರ್ಸಿಟಿಯ ಕಾಗದ ಬಂತು, ಮಾಸ್ಟ್ರೇ. ಮಗ ಪರೀಕ್ಷೆಗೆ ಬರಲೇ ಇಲ್ಲ ಅಂತ ಉಂಟಂತೆ.”

“ಬಂದಿದ್ದ, ಡೊಂಬಯ್ಯ. ಸಿಡುಬು ಎದ್ದವರನ್ನು ಬೇರೆ ಕೂರಿಸಿ ಬರೆಸಬೇಕು ಅಂತ ನಿಯಮ ಉಂಟು. ಸೌದೆ ಕೊಟ್ಟಿಗೆಯಲ್ಲಿ ನಾನೇ ಕೂರಿಸಿದೆ.”

ನೀಲಾವತಿ ತನಗರಿವಿಲ್ಲದೆ ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮತ್ತೆ?”

“ಬರೆದದ್ದನ್ನು ಯಾರು ಮುಟ್ಟಬೇಕು ಅಂತ ನಿಯಮದಲ್ಲಿ ಇರಲಿಲ್ಲ.”

“ಈಗ ಎಲ್ಲುಂಟು ಅದು?”

“ಅಲ್ಲೇ, ಮೇಜಿನ ಮೇಲೆ. ಗಾಳಿಗೆ ಹಾರದ ಹಾಗೆ ಅವನೇ ಕಲ್ಲಿಟ್ಟು ಹೋಗಿದ್ದ. ಅವತ್ತೇ ಬೀಗ ಹಾಕಿದೆ. ಈಗಲೂ ಆ ದಾರಿಯಲ್ಲಿ ಹೋದರೆ ಒಳಗೆ ಬರೆಯುವ ಸದ್ದು ಕೇಳ್ತದೆ.”

“ಸಾಯುವ ದಿನವೂ ಕೇಳಿದ: ಎಲ್ಲ ಪ್ರಶ್ನೆಗೂ ಬರೆದಿದ್ದೇನೆ, ಪಾಸಾಗ್ತೇನಲ್ಲ ಅಪ್ಪ, ಅಂತ. ಬೀಗದ ಕೈ ಕೊಡಿ, ಮಾಸ್ಟ್ರೇ.”

ಮಾಸ್ಟ್ರು ಕಿಸೆಯಿಂದ ಬೀಗದ ಕೈ ತೆಗೆದರು. ಚಾಚಿದ ಕೈಗೆ ಕೊಡದೆ ಬೆಂಚಿನ ಮೇಲಿಟ್ಟರು.

ಡೊಂಬಯ್ಯ ಅದನ್ನೆತ್ತಿಕೊಂಡು ರಸ್ತೆಗಿಳಿದ. ಮಾಸ್ಟ್ರು ಹಿಂದೆಯೇ ಎದ್ದರು.

“ನನಗೆ ಓದಲಿಕ್ಕೆ ಬರುವುದಿಲ್ಲ,” ಡೊಂಬಯ್ಯನ ದನಿ ದೂರದಿಂದ ಕೇಳಿಸಿತು. “ಹಾಳೆ ನಾನು ಹಿಡೀತೇನೆ. ನೀವು ದೂರ ನಿಂತೇ ಓದಿ.”