ನಾಡಿ ಹಿಡಿದ ಮೂರು ಬೆರಳು

ಬಾಗಿಲು ಹಾಕಿದ್ದೀರಲ್ಲ? ಹಾಗಾದರೆ ಹೇಳುತ್ತೇನೆ. ಎಲ್ಲೋ ಕೇಳಿದ್ದಲ್ಲ ಇದು. ಪುಂಜಾಲಕಟ್ಟೆಯಲ್ಲಿ ನಮ್ಮ ನೆರೆಮನೆಯ ಅಶೋಕನಿಗೆ ಆದದ್ದು. ಹೋದ ವರ್ಷವೇ.

ಆ ದಿನ ಅವನು ಬಿ.ಸಿ.ರೋಡಿನಿಂದ ಕೊನೆಯ ಬಸ್ಸಿಗೆ ಬಂದಿಳಿದ. ಮನೆಯ ದಾರಿಯಲ್ಲಿ ಒಂದು ಹಳೆಯ ಬಾವಿ. ಬಾವಿಯ ಪಕ್ಕದಲ್ಲೇ ಅವನ ಅಣ್ಣ ಜತ್ತಪ್ಪಣ್ಣನ ಹಿಟ್ಟಿನ ಮಿಲ್ಲು. ಜತ್ತಪ್ಪಣ್ಣ ತೀರಿಹೋಗಿ ಮೂರು ತಿಂಗಳಾಗಿತ್ತು. ಮಿಲ್ಲಿಗೆ ಬೀಗ ಹಾಕಿ, ಫ್ಯೂಸು ಕಿತ್ತು ತಂದು ಮನೆಯಲ್ಲಿಟ್ಟವನು ಅಶೋಕನೇ.

ಒಳಗಿನಿಂದ ಸದ್ದು ಬಂತು... ಟಕ್... ಟಕ್... ಟಕ್...

ಮಿಲ್ಲಿನ ಬೆಲ್ಟಿನಲ್ಲಿ ಒಂದು ಕಡೆ ಕಬ್ಬಿಣದ ಜೋಡಣೆ ಇರುತ್ತದೆ. ಬೆಲ್ಟು ಸುತ್ತುವಾಗ ಅದು ಚಕ್ರಕ್ಕೆ ತಾಗಿ ಹಾಗೆ ಸದ್ದು ಮಾಡುತ್ತದೆ. ಇಪ್ಪತ್ತು ವರ್ಷ ಅಲ್ಲೇ ದುಡಿದವನಿಗೆ ಗೊತ್ತಾಗದೇ? ಆದರೆ ಮೋಟರಿನ ಗುಂಯ್‌ ಇಲ್ಲ. ಬರೀ ಟಕ್... ಟಕ್... ಆಮೇಲೆ ತಾಳ ತಪ್ಪಿತು. ಟಕ್‌ಟಕ್... ಏನೂ ಇಲ್ಲ... ಟಕ್... ಟಕ್‌ಟಕ್‌ಟಕ್.

ಅಶೋಕ ನಿಂತಲ್ಲೇ ನಿಂತ. ಆ ತಪ್ಪಿದ ತಾಳ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣನ ಕೊನೆಯ ದಿನ ಅವರ ಮಣಿಕಟ್ಟಿನಲ್ಲಿ ಅವನು ಬೆರಳಿಟ್ಟು ನೋಡಿದ್ದು ಅದನ್ನೇ.

ಹಿಂದಿನದ್ದು ಹೇಳದೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಜತ್ತಪ್ಪಣ್ಣನಿಗೆ ಮಂಗಳೂರಿನಲ್ಲಿ ಬೈಪಾಸ್ ಆಪರೇಶನ್ ಆಗಿತ್ತು. ಚೆನ್ನಾಗಿಯೇ ಆಗಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಅಶೋಕನನ್ನು ಕೂರಿಸಿ ಹೇಳಿದರು: ಇನ್ನು ಕೆಲವು ವಾರ ಹೃದಯದ ಬಡಿತ ಹಳಿ ತಪ್ಪುವ ಭಯ ಉಂಟು. ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ತಪ್ಪದಿರಲಿಕ್ಕೆ ಈ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕೊಡುವ ಮೊದಲು ನಾಡಿ ಎಣಿಸಿ. ಅರುವತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೊಡಬೇಡಿ, ನಮಗೆ ಫೋನ್ ಮಾಡಿ.

ಜತ್ತಪ್ಪಣ್ಣನ ಹೆಂಡತಿ ಸೇಸಮ್ಮನಿಗೆ ಗಡಿಯಾರ ನೋಡಿ ಎಣಿಸುವುದು ಬಾರದು. ಹಾಗಾಗಿ ಮಾತ್ರೆಯ ಡಬ್ಬಿ ಅಶೋಕನ ಕೈಗೆ ಬಂತು. ಮದುವೆಯಾಗದವನು, ಅಣ್ಣನ ಮನೆಯಲ್ಲೇ ಇದ್ದವನು. ಅವನ ಹೊಟ್ಟೆಯಲ್ಲಿ ಹನ್ನೆರಡು ವರ್ಷದ ಹಳೆಯ ಸಿಟ್ಟೊಂದಿತ್ತು. ಒಮ್ಮೆ ಮೆಣಸು ಹುಡಿ ಮಾಡಿದ ಮೆಶಿನಿಗೇ ಯಾರದೋ ಮದುವೆಯ ಅಕ್ಕಿ ಸುರಿದುಬಿಟ್ಟಿದ್ದ. ಹಿಟ್ಟೆಲ್ಲ ಕೆಂಪಾಗಿ ಹಾಳಾಯಿತು. ಜತ್ತಪ್ಪಣ್ಣ ಗಿರಾಕಿಗಳೆದುರೇ ಹುಡಿ ಮೆತ್ತಿದ ಕೈಯಲ್ಲಿ ಅವನ ಕೆನ್ನೆಗೆ ಬಾರಿಸಿದರು. ಕಣ್ಣುರಿಯಿಂದ ಅವನು ಬಾವಿಕಟ್ಟೆಗೆ ಓಡಿದಾಗ ಎಲ್ಲರೂ ನಕ್ಕಿದ್ದರು. ಆ ನಗು ಅವನು ಮರೆಯಲಿಲ್ಲ.

ಈಗ ಅಣ್ಣನ ಜೀವ ಅವನ ಬೆರಳ ತುದಿಯಲ್ಲಿ. ದಿನಾ ನಾಡಿ ಹಿಡಿದ. ಎಪ್ಪತ್ತೋ ಎಂಬತ್ತೋ ಇದ್ದರೂ ಪುಸ್ತಕದಲ್ಲಿ ಬರೆದದ್ದು ಒಂದೇ. "ಐವತ್ತೆಂಟು. ಇವತ್ತು ಮಾತ್ರೆ ಬೇಡ." ಡಾಕ್ಟರಿಗೆ ಫೋನ್ ಮಾಡಿದ್ದೇನೆ ಎಂದು ಅತ್ತಿಗೆಗೆ ಹೇಳಿದ. ಅದೂ ಸುಳ್ಳು.

ಹತ್ತನೇ ದಿನ ಜತ್ತಪ್ಪಣ್ಣನ ಎದೆ ಹುಚ್ಚುಹುಚ್ಚಾಗಿ ಬಡಿಯಿತು. ಬಾಯಿ ಸೊಟ್ಟಗಾಯಿತು. ನಮ್ಮ ಊರಿನ ಉಮ್ಮರ್ ತನ್ನ ಓಮ್ನಿ ಗಾಡಿ ತಂದ. ಬಿ.ಸಿ.ರೋಡ್ ದಾಟುವ ಮೊದಲೇ ಮುಗಿಯಿತು. ಅಲ್ಲಿಯವರೆಗೆ ಅವರು ತಮ್ಮ ನಾಡಿಯನ್ನು ತಾವೇ ಮೂರು ಬೆರಳಿನಲ್ಲಿ ಹಿಡಿದು, ಅಶೋಕನ ಮುಖವನ್ನೇ ನೋಡುತ್ತಿದ್ದರು.

ಈಗ ಮಿಲ್ಲಿನ ಬಾಗಿಲಿಗೆ ಬನ್ನಿ... ಟಕ್‌ಟಕ್... ಟಕ್... ಸದ್ದು ನಿಂತಿತು. ಮೆಣಸಿನ ಘಾಟು ಗಪ್ಪನೆ ಮೂಗಿಗೆ ಹೊಡೆಯಿತು. ಕತ್ತಲಲ್ಲಿ ಅಶೋಕನ ಮಣಿಕಟ್ಟಿನ ಮೇಲೆ ಮೂರು ಬೆರಳು ಬಿದ್ದವು. ಎದುರಿಗೆ ಯಾರೂ ಇಲ್ಲ. ಬೆರಳು ಮಾತ್ರ... ಉರಿ, ಉರಿ.

"ಅಲುಗಬೇಡ ಮಾರಾಯ. ಎಣಿಸ್ತಾ ಇದ್ದೇನೆ."

ಪೂರಾ ಒಂದು ನಿಮಿಷ. ಆಮೇಲೆ ಕಿವಿಯ ಹತ್ತಿರವೇ...

"ಐವತ್ತೆಂಟು. ಇವತ್ತು ಮಾತ್ರೆ ಬೇಡ."

ಅಲ್ಲಿಂದ ಅವನ ಎದೆಯ ತಾಳವೂ ತಪ್ಪಿತು. ಮರುದಿನ ಉಮ್ಮರನೇ ಆಸ್ಪತ್ರೆಗೆ ಕರಕೊಂಡು ಹೋದ. ಡಾಕ್ಟರು ಬರೆದದ್ದು ಅದೇ ಮಾತ್ರೆ. ಬಾಯಿಯ ಹತ್ತಿರ ತಂದರೆ ಸಾಕು, ಮೂರು ಬೆರಳು ಮಣಿಕಟ್ಟು ಹಿಡಿಯುತ್ತಿದ್ದವು. ಮಾತ್ರೆ ನೆಲಕ್ಕೆ ಬೀಳುತ್ತಿತ್ತು... ಟಿಣ್. ಒಂದು ದಿನವಲ್ಲ, ಎರಡು ದಿನವಲ್ಲ, ಒಂಬತ್ತು ದಿನ.

ಹತ್ತನೇ ಸಂಜೆ ಜಗಲಿಯಲ್ಲಿ ಸೇಸಮ್ಮ ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದರು. ಅಶೋಕ ಅವರ ಕಾಲಬುಡದಲ್ಲಿ ಕೂತು ಎಲ್ಲ ಹೇಳಿದ.

"ಅತ್ತಿಗೆ, ನನ್ನ ಕೈಯಿಂದ ಆಗುವುದಿಲ್ಲ. ನೀವೇ ಬಾಯಿಗೆ ಹಾಕಿ. ಇಲ್ಲದಿದ್ದರೆ ನಾನು ಉಳಿಯುವುದಿಲ್ಲ."

ಕೇರುವ ಸದ್ದು ನಿಂತಿತು.

"ದಿನಾ ಐವತ್ತೆಂಟು ಅಂತ ಬರೆದದ್ದು... ಸುಳ್ಳಾ?"

"ಹೌದು."

"ಅವರಿಗೆ ಗೊತ್ತಾಗಿತ್ತಾ?"

"ಕೊನೆಗೆ... ಗಾಡಿಯಲ್ಲಿ ಗೊತ್ತಾಯ್ತು."

ಸೇಸಮ್ಮ ಅವನ ಕೈಯಿಂದ ಮಾತ್ರೆ ತೆಗೆದುಕೊಂಡು ಜಗಲಿಯ ದಂಡೆಯ ಮೇಲಿಟ್ಟರು.

"ನಾಡಿ ನೋಡದೆ ಕೊಡ್ಲಿಕ್ಕುಂಟಾ? ನನಗೆ ಎಣಿಸ್ಲಿಕ್ಕೆ ಬರುವುದಿಲ್ಲ, ನಿನಗೆ ಗೊತ್ತುಂಟಲ್ಲ. ಕೂತುಕೋ. ಅವರು ಬರ್ತಾರೆ. ಅವರೇ ನೋಡ್ಲಿ."

ಗೆರಸೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಕಿರ್ರ್ ಎಂದಿತು. ಚಿಲಕ ಬಿತ್ತು... ಠಕ್.

ಬೆಳಿಗ್ಗೆ ಅವನು ಕಂಬಕ್ಕೆ ಒರಗಿ ಕೂತ ಹಾಗೆಯೇ ಇದ್ದ, ಜೀವ ಇರಲಿಲ್ಲ. ಮಾತ್ರೆ ದಂಡೆಯ ಮೇಲೆಯೇ ಇತ್ತು, ಅವನ ಕೈಗೆ ಎಟಕುವ ದೂರದಲ್ಲಿ. ಎತ್ತಿ ಮಲಗಿಸಿದವರು ನಾನು ಮತ್ತು ಉಮ್ಮರ್. ಮಣಿಕಟ್ಟಿನ ಮೇಲೆ ಸಾಲಾಗಿ ಮೂರು ಕೆಂಪು ಗುರುತು. ಗಾಯ ಅಂದುಕೊಂಡು ನಾನು ಒರೆಸಿದೆ. ಗಾಯ ಅಲ್ಲ, ಮೆಣಸಿನ ಹುಡಿ. ಆಗ ತಾನೇ ಮಿಲ್ಲಿನಿಂದ ಬಂದ ಹಾಗೆ ಇನ್ನೂ ಬಿಸಿ ಇತ್ತು.

ನಂಬದಿದ್ದರೆ ಉಮ್ಮರನನ್ನು ಕೇಳಿ, ಅವನು ಸುಳ್ಳು ಹೇಳುವವನಲ್ಲ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಇಬ್ಬರೂ ಸಂಜೆಯವರೆಗೆ ಕೂತಿದ್ದೆವು. ಉರಿ ಇಳಿಯಲಿಲ್ಲ.