ಶಿವರಾಜ ಹಿಡಿದಿಟ್ಟ ಜಾಗಾ

ದೋರನಹಳ್ಯಾಗ ನಮ್ಮ ದೊಡ್ಡಪ್ಪನ ಮೊಮ್ಮಗನ ತೊಟ್ಟಿಲ ಕಾರ್ಯ ಇತ್ತು. ಊಟ, ಹರಟಿ ಎಲ್ಲಾ ಮುಗಿಯೂದ್ರಾಗ ರಾತ್ರಿ ಹನ್ನೊಂದಾತು. ಕಾರ್ಯ ಊರ ಹೊರಗಿನ ಗುಡಿ ಮುಂದ, ಮಲಗೋದು ಊರೊಳಗಿನ ಮನ್ಯಾಗ. ನಾನು, ನಮ್ಮ ಚಿಗವ್ವನ ಮಗಳು ಗುರುದೇವಿ, ಇಬ್ಬರೇ ನಡಕೋತ ಹೊಂಟಿವಿ. ಕರೆಂಟ್ ಇಲ್ಲ. ನನ್ನ ಮೊಬೈಲಿನ ಬೆಳಕು ಒಂದೇ. ನಡುವ ಆಲದ ಗಿಡ... ಅದರ ಬುಡಕ್ಕ ಕಲ್ಲಿನ ಕಟ್ಟಿ. ನನ್ನ ಮೊಣಕಾಲಿನ ಹಕೀಕತ್ ನಿಮಗ ಗೊತ್ತೇ ಅದಲ್ಲ, ಹತ್ತು ಹೆಜ್ಜಿಗೊಮ್ಮೆ ಜಗಳಾ ತಗೀತಾವ. "ಜರಾ ಕೂಡ್ತೀನಿ ತಡಿಯವ್ವಾ" ಅಂದು ಕಟ್ಟಿ ಕಡೀಗೆ ಹೊಳ್ಳಿದೆ.

ಗುರುದೇವಿ ನನ್ನ ರಟ್ಟಿ ಹಿಡಿದು ಜಗ್ಗಿದಳು. ಉಗುರು ಚುಚ್ಚಿದ್ವು.

"ಕೂಡಬ್ಯಾಡಕ್ಕಾ..."

"ಯಾಕ?"

"ಯಾರರೆ ಹಿಡಿದಿಟ್ಟಿರತಾರ..."

"ಹುಚ್ಚಿ! ಹಾದಿ ಮ್ಯಾಲಿನ ಕಟ್ಟಿಗೂ ರಿಜರ್ವೇಶನ್ನೇನ?" ಅಂದು ನಾ ನಕ್ಕೆ. ಆಕಿ ನಗಲಿಲ್ಲ. ಗಿಡದ ಮ್ಯಾಲ ಬಾವಲಿ ರೆಕ್ಕಿ ಫಡ್ ಫಡ್ ಬಡದ್ವು.

"ನಡಿ. ನಡಕೋತ ಹೇಳ್ತೀನಿ. ಹಿಂದ ಹೊಳ್ಳಿ ನೋಡಬ್ಯಾಡ" ಅಂದಳು.

ಆಕಿ ಪಿಸುಮಾತಿನ್ಯಾಗ ಹೇಳಿದ್ದನ್ನೇ ನಾ ಹೇಳಾಕತ್ತೀನಿ. ನಡುವ ನನ್ನ ಬೈಗುಳ ನಾಕು ಬಂದ್ರ ಅವು ನನ್ನವು, ಉಳದದ್ದು ಎಲ್ಲಾ ಆಕೀದು.

ಗುರುದೇವಿ ಗಂಡ ಸಂಗಮನಾಥಂದು ಶಹಾಪುರದಾಗ ಅಂಗಡಿ ಅದ. ಬೀಜ, ಗೊಬ್ಬರ, ಎಣ್ಣಿ. ನಮ್ಮ ಕಡೆ ಎಣ್ಣಿ ಅಂದ್ರ ಹತ್ತಿಗೆ, ತೊಗರಿಗೆ ಹೊಡಿಯೋ ಔಷಧ. ಭಾಳ ಮಾಲು ಮಾರಿದ ಅಂಗಡಿಯವ್ರನ್ನ ಕಂಪನಿಯವ್ರು ಗಂಡ ಹೆಂಡ್ತಿ ಕೂಡಿ ಟೂರಿಗೆ ಕರಕೊಂಡು ಹೋಗ್ತಾರ. ಆ ಸಲ ಹಡಗಿನ ಟೂರು. ಬೊಂಬಾಯಿಯಿಂದ ಹತ್ತೋದು, ಮೂರು ರಾತ್ರಿ ಸಮುದ್ರದಾಗ ಇದ್ದು ಹೊಳ್ಳಿ ಬರೋದು.

ಯಾದಗಿರಿ ಹೋಟೆಲಿನ್ಯಾಗ ಮೀಟಿಂಗ್ ಮಾಡಿದ್ರು. ಗ್ವಾಡಿ ಮ್ಯಾಲ ಹಡಗಿನ ನಕ್ಷಿ ಬಿಟ್ಟು, "ಫಸ್ಟ್ ಬಂದವರು ಮೊದಲು ರೂಮ್ ಆರಿಸ್ಕೊಳ್ಳಿ" ಅಂದ ಕಂಪನಿ ಸಾಹೇಬ. ಅಂವ ಮೈಸೂರ ಕಡೆಯಾಂವ. ಮಾಲು ಮಾರೂದ್ರಾಗ ಫಸ್ಟ್ ಬಂದಿದ್ದು ಸುರಪುರದ ಶಿವರಾಜ. ಸಂಗಮನಾಥಂದು ಎರಡನೇ ನಂಬರ್. ಬಾಲ್ಕನಿ ಫಸ್ಟ್ ಬಂದವಗ ಒಬ್ಬಗೇ, ಉಳದವ್ರಿಗೆ ಒಳಗಿನ ರೂಮು.

ಈ ಶಿವರಾಜಂದು ಒಂದು ಹೇಳಬೇಕು. ಸುರಪುರ ಬಸ್ ಸ್ಟ್ಯಾಂಡಿನ್ಯಾಗ ಅವನಂಗ ಜಾಗಾ ಹಿಡಿಯಾಂವ ಇನ್ನೊಬ್ಬ ಇದ್ದಿಲ್ಲ. ಬಸ್ಸು ಒಳಗ ಹೊಳ್ಳೂದ ತಡ, ಹೆಗಲ ಮ್ಯಾಲಿನ ವಸ್ತ್ರ ಕಿಡಕಿಯಿಂದ ಒಳಗ ಹೋಗಿ ಮುಂದಿನ ಸೀಟಿನ ಮ್ಯಾಲ ಬಿದ್ದಿರತಿತ್ತು. ಆಮ್ಯಾಲ ತಾ ಹತ್ತಿ, ಆ ಸೀಟು ಪಟ್ ಪಟ್ ಬಡಕೋತ, "ಮೌನೇಶ್ವರೀ... ಲಗೂ ಬಾ... ಜಾಗಾ ಹಿಡಿದೀನಿ... ಬಿಡ್ತದ!" ಅಂತ ಹೆಂಡ್ತೀನ ಒದರತಿದ್ದ. ಆಕಿ ಎರಡು ಮಕ್ಕಳು, ಚೀಲ ತಗೊಂಡು ಸಾವಕಾಶ ಹತ್ತಿ ಕೂಡಾಕಿ. ತಾ ಮಾತ್ರ ತಲಿ ಮ್ಯಾಲಿನ ಕಂಬಿ ಹಿಡಕೊಂಡು ಹುಣಸಗಿತನ ನಿಂತೇ ಹೋಗಾಂವ. ಮಂದಿ ನಗತಿದ್ರು. ನನಗ ಮಾತ್ರ ಹೊಟ್ಟಿಕಿಚ್ಚು ಆಗತಿತ್ತು ನೋಡ್ರಿ. ನಮ್ಮ ಮನಿಯಾಂವ ನನಗ ಒಂದು ಸೀಟು ಹಿಡಿದಿದ್ರ ಕೇಳ್ರಿ!

ಅಂಥಾ ಶಿವರಾಜ ಎದ್ದು ಹೋಗಿ ನಕ್ಷಿ ಮ್ಯಾಲ ಬಟ್ಟು ಇಟ್ಟ. ಹಡಗಿನ ಮೂತಿ ಕಡೀಗೆ, ಎಲ್ಲಾಕ್ಕಿಂತ ಮುಂದಿನ ಬಾಲ್ಕನಿ ರೂಮು.

ಸಾಹೇಬ ಅಂದ, "ಹಡಗು ಬಸ್ಸಲ್ಲ ಸಾರ್. ಮುಂದೇನೇ ಜಾಸ್ತಿ ಎದ್ದು ಬೀಳೋದು. ಗಾಳಿ ಬೇರೆ ಹೊಡೆಯುತ್ತೆ. ಮೇಲ್ಗಡೆ ಕ್ಯಾಪ್ಟನ್ ಕೂತಿರ್ತಾರೆ, ಬೆಳಕು ಬಿದ್ರೆ ಅವರಿಗೆ ಮುಂದೆ ಕಾಣಲ್ಲ. ಅದಕ್ಕೆ ರಾತ್ರಿ ಬಾಲ್ಕನಿ ಲೈಟ್ ಹಾಕೋ ಹಾಗಿಲ್ಲ, ಪರದೆ ಮುಚ್ಚಿಡಬೇಕು. ಮಧ್ಯದ್ದು ತಗೊಳ್ಳಿ."

"ಏ ಬಿಡ್ರಿ ಸಾಹೇಬ್ರ! ಹಿಂದ ಕುಂತ್ರ ನಮ್ಮಾಕಿಗೆ ವಾಂತಿ ಆಗ್ತದ. ಆಕಿ ಹುಟ್ಟಿದ್ದು ರಂಗಂಪೇಟಿ, ಕೊಟ್ಟಿದ್ದು ಸುರಪುರ. ಸಮುದ್ರ ಎಂದ ನೋಡಬೇಕು? ಆಕಿಗೆ ಎಲ್ಲಾರಕಿಂತ ಮೊದಲ ಕಾಣಬೇಕ್ರಿ. ಬರಕೋರಿ" ಅಂದ ಶಿವರಾಜ.

ಬರಕೊಂಡ್ರು. ಅಂವ ಮನಿಗೆ ಹೋಗಾಕಿಂತ ಮೊದಲ ಹೆಂಡ್ತಿಗೆ ಹಸರ ಸ್ವೆಟರ್ ತಗೊಂಡಾನಂತ. ಕೂಸು ಹುಟ್ಟೂದಕ್ಕ ಮೊದಲ ಕುಲಾಯಿ ಹೊಲಿಸಬಾರದು ಅಂತ ಹಿರ್ಯಾರು ಸುಮ್ಮ ಅಂದಿಲ್ಲ. ಟೂರಿಗೆ ಇಪ್ಪತ್ತು ದಿನ ಇದ್ದಾಗ ಅಂಗಡಿ ಗಲ್ಲಾದ ಮುಂದ ಎದಿ ಹಿಡಕೊಂಡು ಕುಂತ ಶಿವರಾಜ... ಏಳಲಿಲ್ಲ. ನಲವತ್ತೊಂದು ವರ್ಷ.

ಮಣ್ಣು ಕೊಟ್ಟು ವಾರ ಆಗಿಲ್ಲ, ಸಂಗಮನಾಥಗ ಸಾಹೇಬನ ಫೋನು. ಮುಂದಿನ ಬಾಲ್ಕನಿ ಖಾಲಿ ಅದ, ಬೇಕೇನು, ಇಲ್ಲಾ ಕಿಡಕಿ ಇಲ್ಲದ ಒಳಗಿನ ರೂಮೇ ಇರಲೇನು? ಇಂವ ಒಂದೇ ಉಸರಿಗೆ "ಬೇಕ್ರಿ" ಅಂದ.

"ಮೌನೇಶ್ವರೀಗೆ ಒಂದು ಮಾತು ಕೇಳಬೇಕಾಗಿತ್ತಲ್ರಿ" ಅಂದಳು ಗುರುದೇವಿ.

"ಗಂಡನ್ನ ಕಳಕೊಂಡಾಕಿಗೆ ಹಡಗಿನ ಮಾತು ಕೇಳ್ಲೇನು? ಖಾಲಿ ಸೀಟು ಖಾಲಿ ಸೀಟೇ."

ನನಗ ಅವನ ಮ್ಯಾಲ ಇನ್ನೂ ಸಿಟ್ಟದ. ಬಾಯಿ ಮಾತಿಗೆ ಏನು ರೊಕ್ಕ ಬೀಳತಿತ್ತು? ಒಂದು ಮಾತು ಕೇಳಿದ್ರ ಆಕಿ ಹ್ಞೂಂ ಅಂತಿದ್ದಳು, ಮುಗಿದು ಹೋಗತಿತ್ತು.

ಹಡಗು ಹತ್ತಿದ್ರು. ರೂಮು ಬೇಷ್ ಇತ್ತಂತ. ಗಾಜಿನ ಬಾಗಲಾ, ಅದರ ಆಚಿ ಬಾಲ್ಕನಿ, ಎರಡು ಪ್ಲಾಸ್ಟಿಕ್ ಪಟ್ಟಿ ಕುರ್ಚಿ. ಒಂದರ ಮ್ಯಾಲ ಒಂದು ವಸ್ತ್ರ ಮಡಿಚಿ ಇಟ್ಟಿತ್ತು. ಕೆಂಪು ಚೌಕಡಿದು. ಗುರುದೇವಿ, ರೂಮ್ ಝಾಡಿಸೋರು ಮರತಿರಬೇಕು ಅಂದುಕೊಂಡು ಸುಮ್ಮನಾದಳು.

ಕತ್ತಲಾಗೂದ್ರಾಗ ಗಾಳಿ ಎದ್ದಿತು. ಸಾಹೇಬ ಹೇಳಿದ್ದು ಖರೇ ಇತ್ತು. ಮೂತಿ ಏರತದ... ಏರತದ... ಧಪ್ ಅಂತ ಬೀಳತದ. ಸಂಗಮನಾಥ ಮೂರು ಸಲ ವಾಂತಿ ಮಾಡಿ, ಗುಳಿಗಿ ನುಂಗಿ ಬಿದ್ದುಕೊಂಡ. ಪರದಾ ಮುಚ್ಚಿತ್ತು. ಬಾಗಲ ಸಂದಿಯಿಂದ ಸುಂಯ್ಯ್... ಅಂತ ಗಾಳಿ. ಅದರೊಳಗ ಇನ್ನೊಂದು ಸಪ್ಪಳ.

ಪಟ್... ಪಟ್.

ಮತ್ತ ಸುಮ್ಮ. ಮತ್ತ... ಪಟ್ ಪಟ್.

ಅಂಗೈಲೆ ಪ್ಲಾಸ್ಟಿಕ್ ಮ್ಯಾಲ ಬಡದಂಗ. ಆಕಿ ಎದ್ದು ಪರದಾ ಒಂದು ಬಟ್ಟಿನಷ್ಟು ಸರಿಸಿದಳು. ಹೊರಗ ಬೆಳಕಿಲ್ಲ. ಕಂಬಿ ಹತ್ರ ಒಬ್ಬಾಂವ ನಿಂತಾನ. ಬೆನ್ನು ಈ ಕಡೆ. ಒಂದು ಕೈ ಕುರ್ಚಿ ಮ್ಯಾಲ. "ವಾಂತಿ ಬಂತಂತ ಹೊರಗ ಹೋಗ್ಯಾನ" ಅಂದುಕೊಂಡು ಕರಿಯಾಕ ಬಾಯಿ ತಗದಳು...

ಹಿಂದ ಹಾಸಿಗ್ಯಾಗ ಸಂಗಮನಾಥ ಗೊರಕಿ ಹೊಡದ.

ಪರದಾ ಬಿಟ್ಟು, ಹಾಸಿಗ್ಯಾಗ ಬಿದ್ದು, ಕೊಳ್ಳಾಗಿನ ಲಿಂಗ ಮುಷ್ಟ್ಯಾಗ ಹಿಡಕೊಂಡು ಬೆಳತನ ಕಣ್ಣು ತಗಿಲಿಲ್ಲ.

ಮುಂಜಾನೆ ರೂಮ್ ಝಾಡಿಸಾಂವ ಬಂದಾಗ ವಸ್ತ್ರ ತೋರಿಸಿದಳು. ನಮ್ಮ ಹಡಗಿಂದಲ್ಲ ಅಂದ. ಆಗ ಆಕಿಗೆ ತಿಳೀತು, ಅಂಥಾ ವಸ್ತ್ರ ಸುರಪುರ ಸಂತ್ಯಾಗ ಮಾರತಾರ. ಗಂಡಗ ಹೇಳಿದ್ರ ಅಂವ ಏನು ಮಾಡಬೇಕು? "ವಸ್ತ್ರ ಹಾಕಿದ್ರ ಸೀಟು ಅವರಪ್ಪಂದಾಗ್ತದೇನು?" ಅಂದು ಎತ್ತಿ ಸಮುದ್ರಕ್ಕ ಒಗದ. ಬಸ್ಸಿನ್ಯಾಗ ಜಗಳಾಡೋ ಮಾತು ಅಲ್ಲಿ ಆಡಿದ, ಮುಠ್ಠಾಳ.

ಎರಡನೇ ರಾತ್ರಿ. ಎರಡು ಗಂಟೆ ಇದ್ದೀತು. ಪಟ್ ಪಟ್. ಈ ಸಲ ಜೋರು. ಅವಸರದಾಗ ಇದ್ದಂಗ. ಪರದಾ ಸರಿಸಿದ್ರ... ಕುರ್ಚಿ ಮ್ಯಾಲ ವಸ್ತ್ರ. ಅದೇ ಮಡಿಕಿ. ಅಂವ ಬಗ್ಗಿ ಕಂಬಿ ಆಚೆ ಕತ್ತಲಿಗೆ ಒದರಾಕತ್ತಾನ.

"ಮೌನೇಶ್ವರೀ... ಲಗೂ ಬಾ... ಜಾಗಾ ಹಿಡಿದೀನಿ... ಬಿಡ್ತದ..."

ಗುರುದೇವಿಗೆ ಹೆದರಿಕಿ ತನ್ನ ಸಲುವಾಗಿ ಅಲ್ಲ. ಸತ್ತಾಂವ ಕರದ್ರ ಬದುಕಿದಾಕಿ ಹ್ಯಾಂಗ ಬರಬೇಕು? ಬರೋದಂದ್ರ ಏನು? ಎರಡು ಸಣ್ಣ ಮಕ್ಕಳ ತಾಯಿ! ಫೋನ್ ತಗದಳು, ಸುರಪುರದಾಗ ಯಾರನ್ನರೆ ಎಬ್ಬಿಸಿ ಆಕೀನ ಹಿಡದು ಕೂಡಸ್ರಿ ಅನ್ನಬೇಕಂತ. ನೆಟ್‌ವರ್ಕ್ ಇಲ್ಲ. ಗಂಡನ್ನ ಅಳ್ಳಾಡಿಸಿದ್ರ ಏಳವಲ್ಲ. ಹೊರಗ ಒದರೂದು ನಿಂದ್ರವಲ್ದು.

ನಮ್ಮ ಗುರುದೇವಿ ಇಲಿ ಕಂಡ್ರ ಮಂಚ ಏರಾಕಿ. ಅಂಥಾಕಿ ಲಿಂಗ ಮುಷ್ಟ್ಯಾಗ ಹಿಡಕೊಂಡು ಗಾಜಿನ ಬಾಗಲಾ ತಗದಳು. ಬಾಗಲಾ ಗಾಳಿಗೆ ಧಡ್ ಅಂತ ಹಿಂದ ಮುಚ್ಚಿತು. ಸೀದಾ ಹೋಗಿ ವಸ್ತ್ರ ತೊಡಿ ಮ್ಯಾಲ ತಗೊಂಡು, ಆ ಕುರ್ಚ್ಯಾಗ ಕುಂತುಬಿಟ್ಟಳು.

ಒದರೂದು ನಿಂತಿತು.

"ಅಣ್ಣಾರ... ಇಲ್ಲಿ ನಾ ಕುಂತೀನ್ರಿ. ಜಾಗಾ ತುಂಬ್ಯಾದ. ಆಕೀನ ಕರಿಬ್ಯಾಡ್ರಿ."

ಗಾಳಿ ಒಂದೇ. ಆಮ್ಯಾಲ ಆಕಿ ತಲಿ ಹಿಂದ, ಕುರ್ಚಿ ಬೆನ್ನಿನ ಮ್ಯಾಲ... ಪಟ್ ಪಟ್. ಏಳು ಅಂದಂಗ.

"ಏಳಂಗಿಲ್ರಿ ಅಣ್ಣಾರ. ಬೈರಿ, ಬಡೀರಿ. ಏಳಂಗಿಲ್ಲ."

ಭಾಳ ಹೊತ್ತಿನ ಮ್ಯಾಲ ಕಿವಿ ಹತ್ರ ಒಂದು ಮಾತು ಬಂತಂತ. ಸಿಟ್ಟಿಲ್ಲ, ಏನಿಲ್ಲ. ಕೈ ಜೋಡಿಸಿ ಕೇಳಿದಂಗ.

"ಆಕಿ ಸಮುದ್ರ ನೋಡಿಲ್ಲವ್ವಾ..."

"ನನ್ನ ಕರುಳು ಕಿತ್ತು ಬಂತಕ್ಕಾ" ಅಂದಳು ಗುರುದೇವಿ, ಆ ಕತ್ತಲಾಗ ನನ್ನ ಕೈ ಹಿಚಕಿ. "ಎದ್ದು ಬಿಡ್ಲೇನು ಅನಿಸ್ತು. ಆದ್ರ ಏಳಲಿಲ್ಲ." ಮೂಡಣ ಕೆಂಪಾಗತನ ಕುಂತೇ ಇದ್ದಳು. ತುಟಿ ಒಡದು ರಕ್ತ. ಬೆಳಕಾದಾಗ ನೋಡಿದ್ರ ತೊಡಿ ಮ್ಯಾಲ ವಸ್ತ್ರ ಇಲ್ಲ. ಮೂರನೇ ರಾತ್ರಿ ಯಾವ ಸಪ್ಪಳೂ ಇಲ್ಲ.

ಬೊಂಬಾಯಿ ಹತ್ರ ಬಂದು ಫೋನ್ ಹತ್ತಿದ ಮ್ಯಾಲ ಸುರಪುರದ ಸುದ್ದಿ ಗೊತ್ತಾತು. ಆ ಎರಡನೇ ರಾತ್ರಿ ಮೌನೇಶ್ವರಿ ಮನ್ಯಾಗ ಇದ್ದಿಲ್ಲ. ಮಕ್ಕಳು ಅಳಾಕತ್ತಾವಂತ ಮಗ್ಗಲ ಮನಿಯವ್ರು ಹುಡುಕಿದ್ರ, ನಸಕಿನ್ಯಾಗ ಊರ ಹೊರಗ ತುಂಬಿ ಹರಿಯೋ ಕೆನಾಲಿನ ಪಾವಟಿಗಿ ಮ್ಯಾಲ ಸಿಕ್ಕಾಳ. ಮೊಣಕಾಲುಮಟ ನೀರು. ಇನ್ನೊಂದು ಪಾವಟಿಗಿ ಇಳಿದಿದ್ರ ಸೆಳವು ಒಯ್ಯತಿತ್ತು.

"ಬಂದು ಆರು ದಿನ ಆತು. ಹೋಗಿ ಆಕಿ ಮಾರಿ ನೋಡಾಕ ಧೈರ್ಯ ಇಲ್ಲಕ್ಕಾ" ಅಂದಳು ಗುರುದೇವಿ. ಅಷ್ಟರಾಗ ಮನಿ ಬಂತು. ನಾನರೆ ಏನು ನಿದ್ದಿ ಮಾಡ್ಲಿ? ಮುಂಜಾನೆದ್ದು, "ನಡಿ, ನಾ ಇದ್ದೀನಿ" ಅಂದು ಮೊದಲ ಬಸ್ಸಿಗೆ ಸುರಪುರಕ್ಕ ಎಳಕೊಂಡು ಹ್ವಾದೆ.

ಮೌನೇಶ್ವರಿ ಪಡಸಾಲ್ಯಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ದಳು. ಮಕ್ಕಳು ಸಾಲಿಗೆ ಹೋಗಿದ್ವು. "ಬರ್ರಿ" ಅಂದು ನೀರು ಕೊಟ್ಟಳು. ಕಡೀಕ ನಾನೇ, "ಹ್ಯಾಂಗಿದ್ದೀ ತಂಗೀ?" ಅಂದೆ. ಹಡಗಿನ ಮಾತು ನಾವಿಬ್ಬರೂ ಎತ್ತಿಲ್ಲ. ನನ್ನ ಮಕ್ಕಳಾಣಿ, ಎತ್ತಿಲ್ಲ.

ಆಕಿ ನನ್ನ ಕಡೆ ನೋಡಲಿಲ್ಲ. ಗುರುದೇವೀನ ನೋಡಿದಳು.

"ಅಕ್ಕಾರ... ಅವತ್ತು ನಾ ಬಂದಿದ್ದೆ."

ಮೊರದಾಗಿನ ಜ್ವಾಳ ಸರ್ರ್ ಅಂತ ಒಮ್ಮೆ ಕೇರಿದಳು.

"ಅವ್ರು ಕರದ್ರು, ಬಂದೆ. ನೋಡಿದ್ರ ನೀವು ಕುಂತಿದ್ರಿ."

ಗುರುದೇವಿ ಹೋ ಅಂತ ಅತ್ತಳು. "ತಪ್ಪಾತವ್ವಾ... ನಿನ್ನ ಜಾಗಾ... ಕೇಳದ ತಗೊಂಡಿವಿ..."

"ಅಳಬ್ಯಾಡ್ರಿ. ಅವ್ರ ಮಗ್ಗಲ ನಿಂತೇ ನೋಡಿದೆ. ನೀರು ಭಾಳ ಕರ್ರಗ ಇತ್ತು. ಮುಂದ ಬೆಳ್ಳನ ನೊರಿ ಎರಡು ಪಾಲಾಗಿ ಹೊಂಟಿತ್ತು." ಇಷ್ಟಂದು ಆಕಿ ಜರಾ ನಕ್ಕಳು ನೋಡ್ರಿ, ಗಂಡ ಇದ್ದಾಗ ನಗತಿದ್ದಂಗ. "ಬೆಳಗಾಗೂ ಹೊತ್ತಿಗೆ ಅವ್ರೇ ಅಂದ್ರು. ಜಾಗಾ ಸಿಗಲಿಲ್ಲ, ನೀ ಇಳದು ಹೋಗು... ಮಕ್ಕಳು ಎದ್ದಿರತಾವ ಅಂದ್ರು."

ನಾ ಅಳಾಕಿ ಅಲ್ಲ. ಅವತ್ತು ಅತ್ತೆ.

ಕನಸಿರಬೇಕು ಅಂತೀರಿ. ಅನ್ರಿ. ನಿಮ್ಮಂಗ ಅನ್ನೋರು ಭಾಳ ಮಂದಿ ಅದಾರ. ಕೆನಾಲ್ ಗೇಟು ಕಾಯೋ ಮಸ್ತಾನಸಾಬ ಇನ್ನೂ ಅಲ್ಲೇ ಅದಾನ, ಆಕೀನ ಮೊದಲು ನೋಡಿದಾಂವ ಅಂವ. ಹೋಗಿ ಕೇಳ್ರಿ. ಆಕಿ ಒಂದು ಕೈ ತಲಿ ಮ್ಯಾಲ ಎತ್ತಿ, ಮುಷ್ಟಿ ಬಿಗಿ ಹಿಡಕೊಂಡು ನಿಂತಿದ್ದಳಂತ. ಮೈ ಆ ಕಡೆ ಈ ಕಡೆ ತೂಗಾಡತಿತ್ತು, ಎತ್ತಿದ ಕೈ ಮಾತ್ರ ಅಳ್ಳಾಡಲಿಲ್ಲ. ಇಬ್ಬರು ಗಂಡಸರು ಜಗ್ಗಿದ್ರೂ ಕೆಳಗ ಬರಲಿಲ್ಲಂತ. ನಾನೂ ಆ ಜಾಗಾಕ್ಕ ಹೋಗಿ ನಿಂತು ನೋಡೀನಿ. ಆ ಪಾವಟಿಗಿ ಮ್ಯಾಲ ಹಿಡಿಯಾಕ ಕಂಬಿ ಇಲ್ಲ, ಗಿಡದ ಟೊಂಗಿ ಸೈತ ಇಲ್ಲ. ಬರೀ ಆಕಾಶ ಅದ.